ಮೊದಲು ಗಿಡ, ಆಮೇಲೆ ಮೀನು: ಜಲಸಸ್ಯದ ಅಕ್ವೇರಿಯಂ ಕುರಿತ ಪ್ರಶ್ನೋತ್ತರ

ಈ ವಾರ ನಮ್ಮ ಅಕ್ವೇರಿಯಂ ಹವ್ಯಾಸಿಗಳ ಬಳಗದ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಬೆಂಗಳೂರಿನ ಹೊರವಲಯದಲ್ಲಿ ಜಲಸಸ್ಯಗಳ ನರ್ಸರಿ ನಡೆಸುತ್ತಾರೆ, ಮನೆಗಳಿಗೆ ಹೋಗಿ ಅಕ್ವೇರಿಯಂ ಕಟ್ಟಿಕೊಡುತ್ತಾರೆ.

ತುಮಕೂರಿನ ಸದಸ್ಯೆ: ನಮಸ್ಕಾರ ಸರ್. ಮಗಳ ಒತ್ತಾಯಕ್ಕೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ತಂದಿದ್ದೇವೆ. ನೀಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಒಂದು ಡಜನ್ ಮೀನು ಎಲ್ಲವನ್ನೂ ಒಂದೇ ದಿನ ಕೊಡುತ್ತೇನೆ ಎಂದು ಅಂಗಡಿಯವರು ಹೇಳಿದರು. ನನಗೆ ಜೀವಂತ ಗಿಡಗಳೇ ಬೇಕು. ಮನೆಯಲ್ಲಿ ಇರುವುದು ಬೋರ್‌ವೆಲ್ ನೀರು, ಪಾತ್ರೆಗಳ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಇಂಥ ನೀರಿನಲ್ಲಿ ಗಿಡ ಬರುತ್ತದೆಯೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ನಮಸ್ಕಾರ ಮೇಡಂ. ಗಿಡ ಖಂಡಿತ ಬರುತ್ತದೆ. ನೀರನ್ನು ಬದಲಿಸಲು ಹೋಗಬೇಡಿ, ಆ ನೀರಿಗೆ ಒಗ್ಗುವ ಗಿಡಗಳನ್ನು ಆರಿಸಿಕೊಳ್ಳಿ. ಹೊಸಬರಿಗೆ ನಾನು ಮೊದಲು ಹೇಳುವ ಮಾತು ಇದೇ. ಬಿಳಿ ಕಲೆ ಎಂದರೆ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿದೆ, ನೀರು ಗಡಸು. ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ, ಹಾರ್ನ್‌ವರ್ಟ್, ಹೈಡ್ರಿಲ್ಲಾ ಇವೆಲ್ಲ ಗಡಸು ನೀರಿನಲ್ಲಿ ಸೊಗಸಾಗಿ ಬೆಳೆಯುತ್ತವೆ. ಹೈಡ್ರಿಲ್ಲಾ ನಿಮಗೆ ಗೊತ್ತಿರುವುದೇ: ಶಾಲೆಯಲ್ಲಿ ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಗಾಜಿನ ಆಲಿಕೆಯ ಕೆಳಗೆ ಇಡುತ್ತಿದ್ದ ಗಿಡ. ಅನೂಬಿಯಸ್ ಮತ್ತು ಜಾವಾ ಫರ್ನ್ ಕೂಡ ತಾಳಿಕೊಳ್ಳುತ್ತವೆ, ಬೆಳವಣಿಗೆ ಮಾತ್ರ ನಿಧಾನ. ನೀರನ್ನು ಮೃದುಗೊಳಿಸಲೇಬೇಕೆಂದು ಅನಿಸಿದರೆ ಮಳೆನೀರು ಬಳಸಿ. ಮೊದಲ ಎರಡು ಮೂರು ಮಳೆ ಸೂರನ್ನು ತೊಳೆದು ಹೋದ ಮೇಲೆ ಹಿಡಿದಿಟ್ಟ ನೀರನ್ನು ಬೋರ್‌ವೆಲ್ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಸಾಕು. ಆರ್‌ಒ ಯಂತ್ರದ ಶುದ್ಧ ನೀರೊಂದನ್ನೇ ತುಂಬಬೇಡಿ, ಅದರಲ್ಲಿ ಗಿಡಕ್ಕೆ ಬೇಕಾದ ಲವಣಗಳೇ ಇರುವುದಿಲ್ಲ. ಆ ಯಂತ್ರ ಹೊರಗೆ ಬಿಡುವ ನೀರಂತೂ ನಿಮ್ಮ ಬೋರ್‌ವೆಲ್ ನೀರಿಗಿಂತ ಗಡಸು.

ನಿಮ್ಮ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಗಾಜು ಎಲ್ಲ ಸೇರಿದರೆ ಭಾರ 75 ಕಿಲೋ ದಾಟುತ್ತದೆ. ಆದ್ದರಿಂದ ತೆಳುವಾದ ಮೇಜು ಬೇಡ. ಅಲುಗಾಡದ ಗಟ್ಟಿ ಸ್ಟ್ಯಾಂಡಿನ ಮೇಲೆ ಥರ್ಮಾಕೋಲ್ ಹಾಳೆ ಹಾಸಿ, ಅದರ ಮೇಲೆ ತೊಟ್ಟಿ ಇಡಿ. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ, ಪಾಚಿ ಕಟ್ಟುತ್ತದೆ.

ಬಣ್ಣದ ಕಲ್ಲನ್ನು ವಾಪಸ್ ಕೊಡಿ. ಅದರ ಬದಲು ತಳಕ್ಕೆ ಒಂದು ಅಂಗುಲ ತೋಟದ ಮಣ್ಣು ಹಾಕಿ. ಗೊಬ್ಬರ ಬೆರೆಸಿರದ ಮಣ್ಣಾಗಬೇಕು, ಜರಡಿ ಹಿಡಿದು ಕಸಕಡ್ಡಿ ತೆಗೆದಿರಬೇಕು. ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ ಸೇರಿದ್ದರೆ ನೀರಿಗೆ ಅಮೋನಿಯಾ ಸುರಿಯುತ್ತಲೇ ಇರುತ್ತದೆ. ಮಣ್ಣಿನ ಮೇಲೆ ಒಂದೂವರೆ ಅಂಗುಲ ದಪ್ಪ ಮರಳಿನ ಹೊದಿಕೆ ಬರಲಿ. ಸುಮಾರು 2 ಮಿಲಿಮೀಟರ್ ಕಾಳಿನ ಮರಳನ್ನು ನೀರು ತಿಳಿಯಾಗುವ ತನಕ ತೊಳೆದು ಹಾಕಿ. ಅಲಂಕಾರಕ್ಕೆ ಕಲ್ಲು ಇಡುವ ಮುನ್ನ ಅದರ ಮೇಲೆ ವಿನೆಗರ್ ಹನಿಸಿ ನೋಡಿ. ಸಣ್ಣ ಗುಳ್ಳೆಗಳು ಎದ್ದರೆ ಅದರಲ್ಲಿ ಸುಣ್ಣವಿದೆ, ನಿಮ್ಮ ನೀರಿಗೆ ಇನ್ನಷ್ಟು ಸುಣ್ಣ ಬೇಡ. ನಮ್ಮ ಗ್ರಾನೈಟ್ ಕಲ್ಲಿನಿಂದ ಯಾವ ತೊಂದರೆಯೂ ಇಲ್ಲ. ನೀರು ತುಂಬುವಾಗ ಮರಳಿನ ಮೇಲೊಂದು ತಟ್ಟೆಯಿಟ್ಟು ಅದರ ಮೇಲೆ ಸುರಿಯಿರಿ, ಮಣ್ಣು ಏಳುವುದಿಲ್ಲ.

ಗಿಡಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಆರಂಭದಲ್ಲಿ ನಾಲ್ಕು ಕಡ್ಡಿ ನೆಟ್ಟು, ಅವು ಹರಡಿಕೊಳ್ಳಲಿ ಎಂದು ಕಾದ ಮನೆಗಳಲ್ಲೆಲ್ಲ ಪಾಚಿ ಗೆದ್ದಿದೆ. ಮೊದಲ ದಿನವೇ ತಳದ ಮೂರನೇ ಎರಡು ಭಾಗ ಗಿಡದಿಂದ ಮುಚ್ಚಿರಲಿ. ಬೇಗ ಬೆಳೆಯುವ ಗಿಡಗಳೇ ಹೆಚ್ಚಿರಲಿ, ನೀರಿನಲ್ಲಿರುವ ಪೋಷಕಾಂಶವನ್ನು ಪಾಚಿಗೆ ಸಿಗದಂತೆ ಎಳೆದುಕೊಳ್ಳುವುದು ಅವೇ. ಬೆಳಕಿಗೆ 6500 ಕೆಲ್ವಿನ್‌ನ, ಅಂದರೆ ಹಗಲಿನಂಥ ಬಿಳಿ ಬೆಳಕಿನ, ಎರಡು ಅಡಿಯ ಎಲ್‌ಇಡಿ ಟ್ಯೂಬ್ ಸಾಕು. ಟೈಮರ್ ಹಾಕಿ ದಿನಕ್ಕೆ ಆರು ಗಂಟೆ ಉರಿಸಿ.

ಮೀನುಗಳನ್ನು ಈಗಲೇ ತರಬೇಡಿ.

ತುಮಕೂರಿನ ಸದಸ್ಯೆ: ಧನ್ಯವಾದ ಸರ್. ಆದರೆ ಎಷ್ಟು ದಿನ ಕಾಯಬೇಕು? ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ದ್ರಾವಣ ಹಾಕಿದರೆ ಅದೇ ದಿನ ಮೀನು ಬಿಡಬಹುದಂತೆ. ಮಗಳು ದಿನಾ ಕೇಳುತ್ತಾಳೆ.

ಉತ್ತರ: ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕಾರಣ ಹೇಳುತ್ತೇನೆ, ಮಗಳಿಗೂ ವಿವರಿಸಿ. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಗಿಡಗಳಿಗೆ ಅದು ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನ ಕಾಳುಗಳ ಮೇಲೆ ನೆಲೆಯೂರಿ ಹೆಚ್ಚಬೇಕು. ಅವುಗಳ ಬೆಳವಣಿಗೆ ಬಹಳ ನಿಧಾನ. ಬಾಟಲಿಯ ದ್ರಾವಣ ಚೆನ್ನಾಗಿದ್ದರೆ ಸ್ವಲ್ಪ ಬೇಗ ಆಗಬಹುದು, ಆದರೆ ಅದೇ ದಿನ ಸಿದ್ಧ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪರಿಚಯದವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ, ರೋಗವಿಲ್ಲದ ತೊಟ್ಟಿ ಇದ್ದರೆ ಅದರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಎಲ್ಲ ಬಾಟಲಿಗಳಿಗಿಂತ ಅದು ಮೇಲು.

ನಿಮ್ಮ ನೀರಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಗಡಸು ಬೋರ್‌ವೆಲ್ ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೊಳವೆಯಿಂದ ಬಂದ ಕೂಡಲೇ ಅಳೆದರೆ ಕಡಿಮೆ ತೋರಿಸಬಹುದು, ಒಂದು ರಾತ್ರಿ ಬಕೆಟ್‌ನಲ್ಲಿಟ್ಟು ಬೆಳಿಗ್ಗೆ ಅಳೆಯಿರಿ. ಪಿಎಚ್ 7ರಲ್ಲಿ ಅಮೋನಿಯಾದ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅದು ಅಷ್ಟು ಹಾನಿ ಮಾಡದು. ಪಿಎಚ್ 8ಕ್ಕೆ ಏರಿದರೆ ವಿಷಕಾರಿ ರೂಪದ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ಮೃದು ನೀರಿನಲ್ಲಿ ಮೀನು ಹೇಗೋ ಬದುಕಿಕೊಳ್ಳುವ ತಪ್ಪು ನಿಮ್ಮಲ್ಲಿ ಪ್ರಾಣಕ್ಕೇ ಬರುತ್ತದೆ.

ಮೊದಲ ತಿಂಗಳು ವಾರಕ್ಕೆ ಎರಡು ಸಲ ಮೂರನೇ ಒಂದು ಭಾಗ ನೀರು ತೆಗೆದು ಹೊಸ ನೀರು ಹಾಕಿ. ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್ ಕೊಳ್ಳಿ, ಮೀನಿಗೆ ಮುಂಚೆ ಕೊಳ್ಳಬೇಕಾದ ವಸ್ತು ಅದು. ಎರಡೂ ಸೊನ್ನೆಗೆ ಇಳಿದು ಒಂದು ವಾರ ಹಾಗೇ ನಿಂತರೆ, ಹೊಸ ಎಲೆಗಳೂ ಕಾಣತೊಡಗಿದರೆ, ಮೂರು ಮೀನು ಬಿಡಿ. ಎರಡು ವಾರ ಬಿಟ್ಟು ಮತ್ತೆ ಮೂರು. ಗಡಸು ನೀರೆಂದರೆ ಗಪ್ಪಿ, ಪ್ಲಾಟಿಗಳಿಗೆ ಇಷ್ಟ. ಗಂಡುಗಳನ್ನಷ್ಟೇ ಕೇಳಿ ತನ್ನಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮರಿಗಳಿಂದ ತೊಟ್ಟಿ ತುಂಬಿಹೋಗುತ್ತದೆ. ನಿಯಾನ್ ಟೆಟ್ರಾ ಮೃದು ನೀರಿನ ಮೀನು, ಅಂಗಡಿಯಲ್ಲಿ ಎಷ್ಟೇ ಹೊಳೆದರೂ ನಿಮಗೆ ಬೇಡ. ಅಲ್ಲಿಯವರೆಗೆ ಗಿಡಗಳನ್ನು ನೋಡಿಕೊಳ್ಳುವ ಕೆಲಸ ಮಗಳಿಗೆ ಕೊಡಿ. ಯಾವ ಗಿಡ ವಾರಕ್ಕೆ ಎಷ್ಟು ಬೆಳೆಯಿತೆಂದು ಅವಳೇ ಅಳತೆಪಟ್ಟಿ ಹಿಡಿದು ಬರೆದಿಡಲಿ.

ಮೈಸೂರಿನ ಸದಸ್ಯ: ನಾನು ತಂದ ಗಿಡಗಳಲ್ಲಿ ಕೆಲವು ಹತ್ತೇ ದಿನದಲ್ಲಿ ಕರಗಿ ಲೋಳೆಯಾದವು. ಒಂದರ ಹೆಸರು ಕ್ರಿಪ್ಟೋಕೊರೈನ್ ಎಂದಿದ್ದರು. ಇನ್ನೊಂದು ಬಿದಿರಿನಂತೆ ಇತ್ತು, ಮತ್ತೊಂದಕ್ಕೆ ನೇರಳೆ ಎಲೆ.

ಉತ್ತರ: ಇವು ಎರಡು ಬೇರೆ ಬೇರೆ ಸಂಗತಿಗಳು. ಕ್ರಿಪ್ಟೋಕೊರೈನ್ ಜಾಗ ಬದಲಾದಾಗ ಎಲೆ ಕರಗಿಸಿಕೊಳ್ಳುವುದು ಸಹಜ. ನರ್ಸರಿಗಳಲ್ಲಿ ಅದನ್ನು ನೀರಿನ ಮೇಲೆ, ತೇವದ ಗಾಳಿಯಲ್ಲಿ ಬೆಳೆಸುತ್ತೇವೆ. ಮುಳುಗಿಸಿದಾಗ ಹಳೆಯ ಎಲೆ ಕೆಲಸಕ್ಕೆ ಬಾರದೆ ಉದುರುತ್ತದೆ, ಬೇರು ಜೀವಂತವಾಗಿರುತ್ತದೆ. ಕಿತ್ತು ಎಸೆಯಬೇಡಿ. ಕೊಳೆತ ಎಲೆಗಳನ್ನು ಕತ್ತರಿಸಿ ತೆಗೆಯಿರಿ, ಮೂರು ನಾಲ್ಕು ವಾರದಲ್ಲಿ ಬುಡದಿಂದ ನೀರಿನೊಳಗಿನ ಎಲೆ ಚಿಗುರುತ್ತದೆ.

ಬಿದಿರಿನಂತೆ ಇದ್ದದ್ದು ಡ್ರಸೀನಾ, ಲಕ್ಕಿ ಬ್ಯಾಂಬೂ ಎಂದು ಮಾರುತ್ತಾರಲ್ಲ, ಅದೇ. ನೇರಳೆ ಎಲೆಯದು ಬಹುಶಃ ಹೆಮಿಗ್ರಾಫಿಸ್. ಎರಡೂ ನೆಲದ ಗಿಡಗಳು, ಪೂರ್ತಿ ಮುಳುಗಿಸಿದರೆ ನಿಧಾನವಾಗಿ ಕೊಳೆತು ನೀರನ್ನೂ ಕೆಡಿಸುತ್ತವೆ. ಮನೆಯಲ್ಲಿ ಕುಂಡಕ್ಕೆ ಹಾಕುವ ಗಿಡವನ್ನು ತೊಟ್ಟಿಯ ಗಿಡವೆಂದು ಮಾರುವುದು ನನಗೆ ತುಂಬಾ ಬೇಸರದ ಸಂಗತಿ, ಹೊಸಬರು ಕೈಚೆಲ್ಲುವುದೇ ಅಲ್ಲಿ. ಕೊಳ್ಳುವಾಗ ಕಾಂಡವನ್ನು ಮುಟ್ಟಿ ನೋಡಿ. ನೀರಿನಿಂದ ಎತ್ತಿದರೂ ಕಡ್ಡಿಯಂತೆ ನೆಟ್ಟಗೆ ನಿಲ್ಲುವ ಗಟ್ಟಿ ಗಿಡ, ಎಲೆಯ ಮೇಲೆ ಮೇಣದ ಹೊಳಪು ಕಂಡರೆ ಅನುಮಾನಿಸಿ. ಅನೂಬಿಯಸ್, ಜಾವಾ ಫರ್ನ್ ತಂದರೆ ಅವುಗಳ ಅಡ್ಡಕಾಂಡವನ್ನು ಮರಳಿನಲ್ಲಿ ಹೂಳಬೇಡಿ, ಕೊಳೆಯುತ್ತದೆ. ಹತ್ತಿ ದಾರದಿಂದ ಕಲ್ಲಿಗೆ ಕಟ್ಟಿ.

ಮಂಗಳೂರಿನ ಸದಸ್ಯೆ: ಗಾಜಿನ ಮೇಲೆ, ಎಲೆಗಳ ಮೇಲೆ ಕಂದು ಬಣ್ಣದ ಪುಡಿ ಕೂತಿದೆ. ಲೈಟನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಕಿರುತ್ತೇವೆ. ಏಪ್ರಿಲ್‌ನಲ್ಲಿ ನೀರು 32 ಡಿಗ್ರಿ ದಾಟುತ್ತದೆ, ಅದಕ್ಕೆ ಏನು ಮಾಡಲಿ?

ಉತ್ತರ: ಕಂದು ಪುಡಿ ಡಯಾಟಮ್, ಒಂದು ಬಗೆಯ ಸೂಕ್ಷ್ಮ ಪಾಚಿ. ಹೊಸ ತೊಟ್ಟಿಗೆ ಬಂದೇ ಬರುತ್ತದೆ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಕೆಲವು ವಾರಗಳಲ್ಲಿ ತಾನೇ ಇಲ್ಲವಾಗುತ್ತದೆ. ಅದಕ್ಕೆ ಔಷಧ ಸುರಿಯಬೇಡಿ. ಲೈಟನ್ನು ಮಾತ್ರ ಇಂದಿನಿಂದಲೇ ದಿನಕ್ಕೆ ಆರು ಗಂಟೆಯಷ್ಟಕ್ಕೆ ಇಳಿಸಿ. ಗಿಡಗಳು ಚೆನ್ನಾಗಿ ಹಿಡಿದ ಮೇಲೆ ಎಂಟಕ್ಕೆ ಏರಿಸಬಹುದು, ಅದಕ್ಕಿಂತ ಹೆಚ್ಚು ಬೇಕಿಲ್ಲ.

ಬೇಸಿಗೆಗೆ ತೊಟ್ಟಿಯ ಮುಚ್ಚಳ ತೆಗೆದು, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ತಾಗುವಂತೆ ಇಡಿ. ನೀರು ಆವಿಯಾಗುವಾಗ ಶಾಖವನ್ನೂ ಒಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಒಳನಾಡಿನಷ್ಟು ತಂಪಾಗದು, ಆದರೂ ಒಂದೆರಡು ಡಿಗ್ರಿ ಇಳಿದರೆ ಗಿಡಕ್ಕೂ ಮೀನಿಗೂ ಎಷ್ಟೋ ಹಿತ. ಆವಿಯಾದಷ್ಟು ನೀರನ್ನು ದಿನಾ ತುಂಬಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಆದ್ದರಿಂದ ಏರ್ ಪಂಪ್ ಚಾಲೂ ಇರಲಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಒಂದಿರಲಿ, ಗಾಳಿಯಿಲ್ಲದೆ ನಿಂತರೆ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ಹುಬ್ಬಳ್ಳಿಯ ವಿದ್ಯಾರ್ಥಿ: ಸರ್, ವಿಡಿಯೊಗಳಲ್ಲಿ ಎಲ್ಲರೂ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಡುತ್ತಾರೆ. ಸಕ್ಕರೆ, ಯೀಸ್ಟ್ ಬಾಟಲಿಯಲ್ಲಿ ಮಾಡಿಕೊಳ್ಳಬಹುದೇ?

ಉತ್ತರ: ಮಾಡಬಹುದು, ಆದರೆ ಮೊದಲ ತೊಟ್ಟಿಗೆ ಬೇಡ. ಯೀಸ್ಟ್ ಬಾಟಲಿಯನ್ನು ರಾತ್ರಿ ನಿಲ್ಲಿಸಲಾಗದು, ಅನಿಲ ನೀರಿಗೆ ಸೇರುತ್ತಲೇ ಇರುತ್ತದೆ. ಕತ್ತಲಲ್ಲಿ ಗಿಡಗಳೂ ಉಸಿರಾಡಿ ಆಮ್ಲಜನಕ ಬಳಸುತ್ತವೆ, ಬೆಳಗಾಗುವಷ್ಟರಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ. ಮೇಲೆ ಹೆಸರಿಸಿದ ಗಿಡಗಳಿಗೆ ನೀರಿನಲ್ಲಿ ಸಹಜವಾಗಿ ಇರುವುದು ಸಾಕು. ಲಿಕ್ವಿಡ್ ಕಾರ್ಬನ್ ಎಂದು ಮಾರುವ ದ್ರಾವಣದಲ್ಲಿ ಸಾಮಾನ್ಯವಾಗಿ ಇರುವುದು ಗ್ಲುಟರಾಲ್ಡಿಹೈಡ್, ಅದು ಸೋಂಕುನಿವಾರಕ. ಪ್ರಮಾಣ ಕೊಂಚ ಮೀರಿದರೂ ವ್ಯಾಲಿಸ್ನೇರಿಯಾ ಕರಗಿಹೋಗುತ್ತದೆ. ಆ ಹಣದಲ್ಲಿ ಇನ್ನೊಂದು ಕಟ್ಟು ಗಿಡ ಕೊಂಡುಕೊಳ್ಳಿ.

ಶಿರಸಿಯ ಸದಸ್ಯ: ನಮ್ಮ ತೋಟದ ಪಕ್ಕದ ಹಳ್ಳದಲ್ಲಿ ಬಗೆಬಗೆಯ ನೀರುಗಿಡಗಳಿವೆ, ಸಣ್ಣ ಮೀನುಗಳೂ ಇವೆ. ಅವನ್ನೇ ತಂದು ತೊಟ್ಟಿಗೆ ಬಿಟ್ಟರೆ ಹೇಗೆ?

ಉತ್ತರ: ನೀವು ಇರುವ ಜಾಗ ಜಲಸಸ್ಯಗಳ ತವರು. ಜಗತ್ತಿನ ಹವ್ಯಾಸಿಗಳು ದುಡ್ಡು ಕೊಟ್ಟು ಕೊಳ್ಳುವ ರೊಟಾಲಾ ಮ್ಯಾಕ್ರಾಂಡ್ರಾ, ಲಾಗೆನಾಂಡ್ರಾ ಮೀಬೋಲ್ಡಿ, ಕ್ರಿಪ್ಟೋಕೊರೈನ್ ಸ್ಪೈರಾಲಿಸ್ ಇವೆಲ್ಲ ನಮ್ಮ ಪಶ್ಚಿಮ ಘಟ್ಟ ಮತ್ತು ಅದರ ಮಗ್ಗುಲಿನ ನೆಲದವು. ಅದಕ್ಕಾಗಿಯೇ ಕಿತ್ತು ತರಬೇಡಿ ಎನ್ನುತ್ತೇನೆ. ಒಂದು ಚಿಕ್ಕ ಹಳ್ಳದ ತಿರುವಿನಲ್ಲಿ ಮಾತ್ರ ಇರುವ ಗುಂಪನ್ನು ಒಂದು ಮಧ್ಯಾಹ್ನದಲ್ಲಿ ಖಾಲಿ ಮಾಡಿಬಿಡಬಹುದು. ಅರಣ್ಯ ಪ್ರದೇಶವಾದರೆ ಅನುಮತಿಯಿಲ್ಲದೆ ಮುಟ್ಟುವಂತೆಯೇ ಇಲ್ಲ. ಇವುಗಳಲ್ಲಿ ಹಲವು ನರ್ಸರಿಗಳಲ್ಲಿ ಬೆಳೆದು ಸಿಗುತ್ತವೆ. ಲಾಗೆನಾಂಡ್ರಾ ಹೊಸಬರ ಕೈಯಲ್ಲೂ ಬರುತ್ತದೆ, ರೊಟಾಲಾ ಮ್ಯಾಕ್ರಾಂಡ್ರಾ ಮೃದು ನೀರು, ಹೆಚ್ಚು ಬೆಳಕು ಕೇಳುವ ಗಿಡ, ಅದು ಎರಡನೆಯ ತೊಟ್ಟಿಗಿರಲಿ.

ಮೀನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೇರಳ, ಕರ್ನಾಟಕದ ಹೊಳೆಗಳಲ್ಲಿ ಮಾತ್ರ ಇರುವ ಡೆನಿಸನ್ ಬಾರ್ಬ್, ಅಂದರೆ ಮಿಸ್ ಕೇರಳ, ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದೇ ಕುಗ್ಗಿದೆ. ಜೀವಿಗಳ ಉಳಿವಿನ ಸ್ಥಿತಿಯನ್ನು ಪಟ್ಟಿಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನು ಅಳಿವಿನಂಚಿನ ಮೀನೆಂದು ಪಟ್ಟಿಮಾಡಿದೆ. ಅದು ಹಿಂಡಿನಲ್ಲಿ ಈಜುವ ಮೀನು, ನಾಲ್ಕು ಅಡಿಗಿಂತ ಚಿಕ್ಕ ತೊಟ್ಟಿಯಲ್ಲಿ ಇಡುವುದು ಹಿಂಸೆ.

ಇನ್ನೊಂದು ಕೋರಿಕೆ ಇದೆ, ಬಳಗದ ಎಲ್ಲರಿಗೂ. ತೊಟ್ಟಿಯ ಗಿಡ ಕತ್ತರಿಸಿದ ತುಂಡುಗಳನ್ನು, ಬೇಡವಾದ ಮೀನುಗಳನ್ನು ಹಳ್ಳಕ್ಕೋ ಕೆರೆಗೋ ಬಿಡಬೇಡಿ. ನಮ್ಮ ಕೆರೆಗಳನ್ನು ಮುಚ್ಚಿರುವ ಅಂತರಗಂಗೆ (ವಾಟರ್ ಹಯಸಿಂತ್) ದಕ್ಷಿಣ ಅಮೆರಿಕದಿಂದ ಅಲಂಕಾರದ ಗಿಡವಾಗಿಯೇ ಬಂದದ್ದು. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ಈಗ ಕೆರೆಗಳಲ್ಲಿ ಬಲೆಗೆ ಬೀಳುತ್ತಿದೆ. ಗಿಡದ ತುಂಡುಗಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಮೀನು ಹೆಚ್ಚಾದರೆ ಇಲ್ಲಿಯೇ ತಿಳಿಸಿ, ಸಾಕುವವರು ಬಳಗದಲ್ಲಿ ಸಿಗುತ್ತಾರೆ.