ಸಹಾಯ ಬೇಕು: ಕ್ರಾಫರ್ಡ್ ಆಟದಲ್ಲಿ ಡಬಲ್ ಕೊಟ್ಟುಬಿಟ್ಟೆ

ಎಲ್ಲರಿಗೂ ನಮಸ್ಕಾರ. ನಾನು ಲಂಡನ್‌ನ ಒಂದು ಕ್ಲಬ್‌ನಲ್ಲಿ ಬ್ಯಾಕ್‌ಗ್ಯಾಮನ್ (ದಾಳ ಹಾಕಿ ಕಾಯಿ ನಡೆಸುವ ಇಬ್ಬರ ಆಟ) ಆಡುತ್ತೇನೆ. ಟೂರ್ನಿ ಆಡಿದವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ಹೇಳಿ.

ನಿನ್ನೆ 7 ಪಾಯಿಂಟ್‌ಗಳ ಪಂದ್ಯ. ಎದುರಾಳಿ 6, ನಾನು 4. ಒಬ್ಬರಿಗೆ ಗೆಲ್ಲಲು ಒಂದೇ ಪಾಯಿಂಟ್ ಬಾಕಿ ಅಂತಾದ ಕೂಡಲೇ, ಮುಂದಿನ ಒಂದು ಆಟದಲ್ಲಿ ಯಾರೂ ಡಬಲ್ ಮಾಡುವಂತಿಲ್ಲ (ಡಬಲ್ ಅಂದರೆ ಆಟದ ಬೆಲೆಯನ್ನು ಒಂದರಿಂದ ಎರಡು ಪಾಯಿಂಟ್‌ಗೆ ಏರಿಸೋಣ ಅಂತ ಕೇಳುವುದು; ಒಪ್ಪದವರು ಆ ಆಟ ಬಿಟ್ಟು ಒಂದು ಪಾಯಿಂಟ್ ಕೊಡಬೇಕು). ಅದೇ ಕ್ರಾಫರ್ಡ್ ನಿಯಮ. ನನಗೆ ಗೊತ್ತಿತ್ತು, ಆದರೆ ಆಟದ ಬಿಸಿಯಲ್ಲಿ ಮರೆತೇಹೋಯಿತು. ದಾಳ ಹಾಕುವ ಮೊದಲು ಆಟದ ಬೆಲೆ ತೋರಿಸುವ ಕ್ಯೂಬನ್ನು 2ಕ್ಕೆ ತಿರುಗಿಸಿ ಮುಂದಿಟ್ಟೆ. ಅವರೂ ಮರೆತು ಒಪ್ಪಿಕೊಂಡರು. ನಾನು ಗೆದ್ದೆ. 6-6 ಅಂತ ಬರೆದುಕೊಂಡೆವು. ಕೊನೆಯ ಆಟವೂ ನನ್ನದೇ ಆಯಿತು.

ರಾತ್ರಿ ಮಲಗಿದ ಮೇಲೆ ನೆನಪಾಯಿತು. ಅಂಕ 6-5 ಆಗಬೇಕಿತ್ತು, ಅಲ್ವಾ?

ಗೆಳೆಯರೊಬ್ಬರು, "ಬಿಡಿ, ಮುಂದಿನ ಆಟದಲ್ಲಿ ಹೇಗೂ ಡಬಲ್ ಕೊಡ್ತಿದ್ರಿ, ಎರಡೂ ಒಂದೇ" ಅಂದರು. ಒಂದೇ ಅಲ್ಲ. 6-5ರಲ್ಲಿ ನಾನು ಡಬಲ್ ಕೊಟ್ಟಾಗ, ಶುರುವಿನ ದಾಳಗಳು ನನಗೆ ಚೆನ್ನಾಗಿ ಬಿದ್ದಿದ್ದರೆ, ಅವರು ಆ ಆಟ ಬಿಟ್ಟುಕೊಟ್ಟು 6-6ರಿಂದ ಹೊಸದಾಗಿ ಆಡಬಹುದಿತ್ತು. ಕೊನೆಯ ಆಟದಲ್ಲಿ ನನಗೆ ಮೊದಲೇ 3-1 ಬಿದ್ದಿತ್ತು. ಶುರುವಿಗೆ ಅದಕ್ಕಿಂತ ಒಳ್ಳೆಯ ದಾಳ ಇಲ್ಲ. ಅವರ ಹಕ್ಕನ್ನು ಕಿತ್ತುಕೊಂಡ ಹಾಗಾಗಿದೆ ನನಗೆ.

ಫಲಿತಾಂಶದ ಚೀಟಿ ಆಗಲೇ ಕೊಟ್ಟಾಗಿದೆ. ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ. ಮೊದಲು ಎದುರಾಳಿಗೆ ಹೇಳಲೋ, ಟೂರ್ನಿ ನಡೆಸುವವರಿಗೋ? ಪಂದ್ಯವನ್ನು 6-5ರಿಂದ ಮತ್ತೆ ಆಡೋಣ ಅಂತ ನಾನೇ ಕೇಳಬಹುದಾ? ಮುಂದಿನ ಸುತ್ತು ಶನಿವಾರ, ಅದಕ್ಕೆ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.