ಅಜ್ಜನ ಟ್ರಂಕಿನಲ್ಲಿ ಜಪಾನಿ ಸೈನಿಕನ ಟೋಪಿ. ಏನು ಮಾಡಲಿ?

ಕಾಫಿತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಹತ್ತಿರದ ಹಳ್ಳಿ. ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದರು, ಸೈನ್ಯದ ಲಾರಿ ಡ್ರೈವರ್ ಆಗಿ. ಹೋದ ವಾರ ಅಟ್ಟ ಗುಡಿಸುವಾಗ ಅವರ ಟ್ರಂಕ್ ಇಳಿಸಿದೆವು. ತಳದಲ್ಲಿ ಈ ಟೋಪಿ ಇತ್ತು. ಖಾಕಿ ಬಟ್ಟೆ, ಮುಂದೆ ಹಳದಿ ನಕ್ಷತ್ರ, ಹಿಂದೆ ಬಿಗಿ ಮಾಡುವ ದಾರ, ಒಳಗೆ ಮಾಸಿದ ಮೊಹರು.

1945ರಲ್ಲಿ ಜಪಾನ್ ಶರಣಾದ ಮೇಲೆ ಅಜ್ಜ ಸೆರೆಯಾಳುಗಳನ್ನು ರಸ್ತೆ ಕೆಲಸಕ್ಕೆ ಲಾರಿಯಲ್ಲಿ ಬಿಟ್ಟು ಬರುತ್ತಿದ್ದರಂತೆ. ಅವರಲ್ಲೊಬ್ಬನದು ಈ ಟೋಪಿ. ಅವನೇ ಕೊಟ್ಟನೋ, ಇವರು ಕಿತ್ತುಕೊಂಡರೋ? ಎರಡು ಪೆಗ್ ಆದ ದಿನ ಒಂದು ಕಥೆ, ಆಗದ ದಿನ ಇನ್ನೊಂದು.

ನಕ್ಷತ್ರಕ್ಕೆ ಕೆಂಪು ದಾರದ ಹೊಲಿಗೆ ಇದೆ. ತಪ್ಪು ನನ್ನದೇ. ನಾಲ್ಕನೇ ಕ್ಲಾಸಿನಲ್ಲಿ ಛದ್ಮವೇಷಕ್ಕೆ ಈ ಟೋಪಿ ಹಾಕಿಕೊಂಡು ಸುಭಾಷ್ ಚಂದ್ರ ಬೋಸ್ ಆಗಿದ್ದೆ! ನಕ್ಷತ್ರ ಕಿತ್ತು ಬಂತು. ಅಜ್ಜಿ ಕೈಗೆ ಸಿಕ್ಕಿದ ದಾರದಲ್ಲಿ ಹೊಲಿದರು. ಅಜ್ಜ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಕ್ಷತ್ರಕ್ಕೋ, ಬೋಸ್‌ಗೋ, ಈಗಲೂ ಗೊತ್ತಾಗಿಲ್ಲ.

ಭಾವ ಆನ್‌ಲೈನಿನಲ್ಲಿ ಮಾರಿಬಿಡು ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ನಮ್ಮ ಮಳೆಗಾಲದಲ್ಲಿ ಇದನ್ನು ಹೇಗೆ ಇಡೋದು? ದಾರ ಬದಲಿಸಲಾ? ಮೊಹರಿನ ಫೋಟೋ ಹಾಕಿದ್ದೇನೆ.

ಹಳೇಪೆಟ್ಟಿಗೆ:
ಹಳದಿ ನಕ್ಷತ್ರ ಅಂದರೆ ಭೂಸೇನೆ. ನೌಕಾಪಡೆಯ ಟೋಪಿಗೆ ಲಂಗರು ಇರುತ್ತಿತ್ತು. ನಕಲಿ ಟೋಪಿಗಳು ಜಾಸ್ತಿ, ಆದರೆ ಅಜ್ಜನ ಟ್ರಂಕಿಗೆ ನಕಲಿ ಯಾರು ತಂದು ಹಾಕುತ್ತಾರೆ!

ದಯವಿಟ್ಟು ತೊಳೆಯಬೇಡಿ, ಮೊಹರಿನ ಶಾಯಿ ಹೋಗುತ್ತೆ. ಪ್ಲಾಸ್ಟಿಕ್ ಕವರೂ ಬೇಡ, ತೇವ ಒಳಗೇ ಕೂತು ಬೂಷ್ಟು ಹಿಡಿಯುತ್ತೆ. ಗಂಜಿ ಹಾಕದ ಹಳೇ ಬಿಳಿ ಪಂಚೆ ಇದ್ದರೆ ಹರಿದು ಒಳಗೆ ತುಂಬಿ, ಮಡಿಕೆ ಬೀಳಲ್ಲ. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಕೆಂಪು ದಾರ ಮುಟ್ಟಬೇಡಿ ಮಾರಾಯ್ರೇ, ಅದು ಅಜ್ಜಿ ಹೊಲಿದದ್ದು.

ಇನ್ನೊಂದು. ಬಿಸಿಲಿಗೆ ಕುತ್ತಿಗೆ ಮುಚ್ಚಲು ಈ ಟೋಪಿಗೆ ನಾಲ್ಕು ಪಟ್ಟಿಯ ಬಟ್ಟೆ ಸಿಕ್ಕಿಸುತ್ತಿದ್ದರು. ಟ್ರಂಕಿನಲ್ಲಿ ಹುಡುಕಿ. ಚಿಂದಿ ಅಂತ ಎಸೆದುಬಿಟ್ಟೀರಿ.

ಯೊಕೊಹಾಮಾದವ:
ಮೊಹರಿನಲ್ಲಿರೋದು ಶೋವಾ 17, ಅಂದರೆ ಆಗಿನ ಜಪಾನಿ ಚಕ್ರವರ್ತಿಯ ಆಳ್ವಿಕೆಯ 17ನೇ ವರ್ಷ. ಅದಕ್ಕೆ 1925 ಕೂಡಿಸಿ: 1942. ಚೌಕದ ನಡುವೆ ಉದ್ದ ಗೀಟು ಎಳೆದ ಹಾಗಿದೆಯಲ್ಲ, ಆ ಅಕ್ಷರಕ್ಕೆ ನಡು ಅಂತ ಅರ್ಥ. ಮೀಡಿಯಂ ಸೈಜ್ ಇರಬೇಕು. ಪಕ್ಕದಲ್ಲಿ ಕೈಯಲ್ಲಿ ಬರೆದದ್ದು ಮನೆತನದ ಹೆಸರು. ಇಲ್ಲಿ ಆ ಹೆಸರಿನವರು ಬೀದಿಗೊಬ್ಬರಿದ್ದಾರೆ, ಅದೊಂದರಿಂದ ಮನೆ ಹುಡುಕೋದು ಕಷ್ಟ. ಸೈನಿಕರು ಒಯ್ದ ಬಾವುಟಗಳಲ್ಲಿ ನೆಂಟರು, ಗೆಳೆಯರ ಸಹಿಗಳೆಲ್ಲ ಇರುತ್ತವೆ. ಅಂಥವನ್ನು ಮನೆಯವರಿಗೆ ತಲುಪಿಸುವ ಓಬಾನ್ ಸೊಸೈಟಿ ಅಂತ ಅಮೆರಿಕದ ಆರಿಗನ್‌ನಲ್ಲಿದೆ. ಒಂದು ಮೇಲ್ ಹಾಕಿ ನೋಡಿ.

ಇಲ್ಲವಾದರೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆಯಲ್ಲ, ಅಲ್ಲಿ ಕೇಳಿ. ಅವರೂ ಬರ್ಮಾದಲ್ಲಿ ಜಪಾನಿಯರ ಮೇಲೆ ಹೋರಾಡಿದವರೇ.

ಕಾಫಿತೋಟ:
ಇಬ್ಬರಿಗೂ ಥ್ಯಾಂಕ್ಸ್. ಓಬಾನ್‌ನವರಿಗೆ ಬರೆದಿದ್ದೇನೆ. ಭಾವನಿಗೆ ಮಾರಲ್ಲ ಅಂತ ಹೇಳಿಯಾಯಿತು.

ಕುತ್ತಿಗೆ ಬಟ್ಟೆ ಸಿಕ್ಕಿತು! ಮೂರೇ ಪಟ್ಟಿ ಇವೆ. ನಾಲ್ಕನೆಯದನ್ನು ಹೊಲಿಗೆ ಮಿಷನ್ ಒರೆಸೋಕೆ ಅಂತ ಅಮ್ಮ ಯಾವತ್ತೋ ಕತ್ತರಿಸಿಕೊಂಡಿದ್ದರಂತೆ.