ಸೆಟ್ ದೋಸೆಯ ಸೆಟ್ ಯಾವ ಸೆಟ್?

ನಮ್ಮ ತಾಯಿಯ ಕಡೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪನವರೇ ಅಡ್ಮಿನ್. ಮಂಡ್ಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು, ಗುಂಪಿನಲ್ಲಿ ಬರೆಯುವವರು ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿಯೇ ಬರೆಯಬೇಕೆಂದು ಕಟ್ಟುನಿಟ್ಟು ಮಾಡಿದ್ದಾರೆ. ಮೈಸೂರಿನ ಮಾವ ಹಂಚಿಕೊಂಡ ಒಂದು ಫಾರ್ವರ್ಡಿನ ಮೇಲೆ ನಡೆದ ಚರ್ಚೆ ಇದು. ನಡುವೆ ಬಂದ ಶುಭೋದಯದ ಚಿತ್ರಗಳನ್ನು ಬಿಟ್ಟಿದ್ದೇನೆ.

ಮಾವ: (ಫಾರ್ವರ್ಡ್) ಇಂಗ್ಲಿಷಿನ ‘ಸೆಟ್’ ಎಂಬ ಮೂರೇ ಅಕ್ಷರದ ಪದಕ್ಕೆ 430 ಅರ್ಥಗಳಿವೆ! ಪ್ರಪಂಚದ ಇನ್ನಾವ ಭಾಷೆಯಲ್ಲೂ ಇಂಥ ಪದವಿಲ್ಲ! ಹೆಮ್ಮೆಯಿಂದ ಹತ್ತು ಜನರಿಗೆ ಕಳುಹಿಸಿ!

ಅಣ್ಣ: ಮಾವ, ಇದರಲ್ಲಿ ಹೆಮ್ಮೆ ಪಡಬೇಕಾದವರು ನಾವೋ ಇಂಗ್ಲೆಂಡಿನವರೋ ಎಂಬುದನ್ನು ದಯವಿಟ್ಟು ತಿಳಿಸಿ.

ದೊಡ್ಡಪ್ಪ: ಸಂಖ್ಯೆ ಸುಳ್ಳಲ್ಲ, ಆದರೆ ಹಳೆಯದು. 1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದದ ವಿವರಣೆಯೇ ಅತ್ಯಂತ ಉದ್ದವಾಗಿತ್ತು. ಸುಮಾರು 60,000 ಪದಗಳಲ್ಲಿ 430ಕ್ಕೂ ಹೆಚ್ಚು ಅರ್ಥಗಳನ್ನು ಅಲ್ಲಿ ಬಿಡಿಸಿದ್ದರು. ಪರಿಷ್ಕರಣೆ ನಡೆದಂತೆ ಆ ಸ್ಥಾನ ಮೊದಲು ‘ಮೇಕ್’ ಎಂಬುದಕ್ಕೆ, ಆಮೇಲೆ ‘ಪುಟ್’ ಎಂಬುದಕ್ಕೆ ಹೋಯಿತು. 2011ರಲ್ಲಿ ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಕೊಟ್ಟರು. ಆ ಒಂದು ಪದವನ್ನು ಪರಿಷ್ಕರಿಸಲು ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತು.

ಮಾವ: ಹಾಗಾದರೆ ನನ್ನ ವಾದ ಇನ್ನೂ ಗಟ್ಟಿಯಾಯಿತಲ್ಲ ಭಾವ. 430 ಇದ್ದದ್ದು 645 ಆಯಿತು. ಕನ್ನಡದಲ್ಲಿ ಒಂದು ಪದಕ್ಕೆ ನಾಲ್ಕೈದು ಅರ್ಥ ಸಿಕ್ಕರೆ ಹೆಚ್ಚು.

ಅಣ್ಣ: ಅರ್ಥಗಳ ಸಂಖ್ಯೆ ಹೆಚ್ಚಾದಷ್ಟೂ ಭಾಷೆ ದೊಡ್ಡದೆಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮ ಸಿವಿಲ್ ಕೆಲಸದಲ್ಲಿ ‘ಸೆಟ್’ ಎಂಬುದಕ್ಕೆ ಒಂದೇ ಅರ್ಥವಿದ್ದರೇನೇ ಕ್ಷೇಮ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬೆರೆಸಿದ ಮೇಲೆ 30 ನಿಮಿಷಕ್ಕಿಂತ ಮೊದಲು ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು ಎಂದು ಭಾರತೀಯ ಮಾನಕವೇ ಹೇಳುತ್ತದೆ. ಸೆಟ್ ಆಗುವುದೆಂದರೆ ಕಲಸಿದ್ದು ಬಿಗಿದುಕೊಳ್ಳುವುದು ಮಾತ್ರ. ಬಲ ಬರುವುದು ಬೇರೆ, ಅದನ್ನು ನಾವು 28ನೆಯ ದಿನ ಪರೀಕ್ಷಿಸುತ್ತೇವೆ. ಈ ಎರಡನ್ನೂ ಒಂದೇ ಎಂದುಕೊಂಡು ಬೇಗ ಸೆಂಟ್ರಿಂಗ್ ಬಿಚ್ಚಿಸುವ ಮನೆ ಮಾಲೀಕರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ದೊಡ್ಡಮ್ಮ: ಗಣಿತ ಪಾಠ ಮಾಡುವಾಗ ನಾನು ಸೆಟ್ ಎಂಬುದಕ್ಕೆ ‘ಗಣ’ ಎನ್ನುತ್ತಿದ್ದೆ. ಗಣದಲ್ಲಿ ಒಂದೇ ಅಂಶವನ್ನು ಮೂರು ಸಲ ಬರೆದರೂ ಒಂದೆಂದೇ ಲೆಕ್ಕ. ಹೋಟೆಲಿನವರೂ ಹೀಗೆಯೇ ಎಣಿಸಿದರೆ ಸೆಟ್ ದೋಸೆ ಕೇಳಿದವರಿಗೆ ಒಂದೇ ದೋಸೆ ಸಿಗುತ್ತದೆ. ಇವನ ಸಿಮೆಂಟಿನ ಸೆಟ್ಟೂ ದೋಸೆಯ ಸೆಟ್ಟೂ ಒಂದೇ ಪದವೇ?

ದೊಡ್ಡಪ್ಪ: ಈ ಚರ್ಚೆಯಲ್ಲಿ ಇದುವರೆಗೆ ಬಂದ ಒಳ್ಳೆಯ ಪ್ರಶ್ನೆಯೆಂದರೆ ಇದೇ. ಸಿಮೆಂಟಿನ ‘ಸೆಟ್’ ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬ ಕ್ರಿಯಾಪದದಿಂದ ಬಂದದ್ದು, ಅದು ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ; ಅಂದರೆ ‘ಸಿಟ್’ ಕೂರುವುದಾದರೆ ‘ಸೆಟ್’ ಕೂರಿಸುವುದು. ದಸರೆಯಲ್ಲಿ ಗೊಂಬೆ ಕೂರಿಸುತ್ತೇವೆ, ಅಕ್ಕಸಾಲಿ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಮುರಿದ ಮೂಳೆಯನ್ನು ಕೂರಿಸುತ್ತಾರೆ. ಹರಳಿಗೂ ಮೂಳೆಗೂ ಇಂಗ್ಲಿಷಿನವರು ಬಳಸುವುದು ‘ಸೆಟ್’ ಎಂಬುದನ್ನೇ. ಗಡಿಯಾರದ ಮುಳ್ಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು, ಬೆಲೆಯನ್ನು ಒಂದು ಕಡೆ ನಿಲ್ಲಿಸುವುದು, ಮುದ್ರಣಾಲಯದಲ್ಲಿ ಮೊಳೆ ಜೋಡಿಸುವುದು, ಇವೆಲ್ಲ ಆ ಒಂದೇ ಬೇರಿನ ಚಿಗುರುಗಳು. ಗುಂಪು ಎಂಬ ಅರ್ಥದ ‘ಸೆಟ್’ ಹಾಗಲ್ಲ. ಅದು ಲ್ಯಾಟಿನ್ನಿನ ‘ಸೆಕ್ಟಾ’, ಎಂದರೆ ಒಬ್ಬರನ್ನು ಅನುಸರಿಸುವವರ ಪಂಗಡ, ಎಂಬ ಮಾತು ಹಳೆಯ ಫ್ರೆಂಚಿನ ಮೂಲಕ ಬಂದು, ಬರುಬರುತ್ತಾ ಕ್ರಿಯಾಪದದ ಪ್ರಭಾವಕ್ಕೆ ಸಿಕ್ಕಿ ಅದರೊಡನೆ ಬೆರೆತದ್ದು. ಗದ್ದೆಯ ಪಂಪ್‌ಸೆಟ್ಟು, ಟೀ ಸೆಟ್ಟು, ದೋಸೆಯ ಸೆಟ್ಟು ಈ ವಂಶದವು.

ಚಿಕ್ಕಮ್ಮ: ಹಲವು ವರ್ಷ ನಮ್ಮ ಮೈಸೂರು ವಿಶ್ವವಿದ್ಯಾನಿಲಯವೇ ನಡೆಸುತ್ತಿದ್ದ ಕೆ-ಸೆಟ್ ಪರೀಕ್ಷೆಯನ್ನು ಯಾವ ವಂಶಕ್ಕೆ ಸೇರಿಸಬೇಕು, ಭಾವ?

ದೊಡ್ಡಪ್ಪ: ಅದು ಸಂಕ್ಷಿಪ್ತ ರೂಪ, ಇಲ್ಲಿ ಅದಕ್ಕೆ ಪ್ರವೇಶವಿಲ್ಲ. ಇನ್ನೊಂದು ಮಾತು ಬರೆಯುವುದನ್ನು ಬಿಟ್ಟಿದ್ದೆ. 430 ಎಂಬುದು ಕ್ರಿಯಾಪದದ ಲೆಕ್ಕವಾದ್ದರಿಂದ ಸೆಟ್ ದೋಸೆಯ ಸೆಟ್ಟು ಅದರೊಳಗೆ ಬರುವುದೇ ಇಲ್ಲ.

ಮಾವ: ಬೇರಿನ ವಿಚಾರ ಹಾಗಿರಲಿ. ಕನ್ನಡದಲ್ಲಿ ಇಂಥ ಒಂದು ಪದವನ್ನು ತೋರಿಸಿಬಿಡಿ, ಫಾರ್ವರ್ಡನ್ನು ಅಳಿಸುತ್ತೇನೆ.

ದೊಡ್ಡಮ್ಮ: ‘ಹೊಡೆ’ ಎಂಬುದನ್ನು ತೆಗೆದುಕೋ. ಗಾಡಿ ಹೊಡೆಯುತ್ತಾರೆ, ಗದ್ದೆಗೆ ಗೊಬ್ಬರ ಹೊಡೆಯುತ್ತಾರೆ, ಗೋಡೆಗೆ ಸುಣ್ಣ ಹೊಡೆಯುತ್ತಾರೆ, ಬೆಳೆಗೆ ಔಷಧಿ ಹೊಡೆಯುತ್ತಾರೆ, ಗಂಟೆ ಹೊಡೆಯುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಹುಡುಗರು ಪರೀಕ್ಷೆಯಲ್ಲಿ ಕಾಪಿ ಹೊಡೆಯುತ್ತಾರೆ, ನೀನು ಊಟವಾದ ಮೇಲೆ ನಿದ್ದೆ ಹೊಡೆಯುತ್ತೀಯೆ. ಇವುಗಳಲ್ಲಿ ಯಾವುದರಲ್ಲಿಯೂ ಯಾರಿಗೂ ಏಟು ಬೀಳುವುದಿಲ್ಲ. ಇನ್ನು ‘ಕಟ್ಟು’ ಎಂಬುದಕ್ಕೆ ಕೈ ಹಾಕಿದರೆ ಮನೆ, ಫೀಸು, ಕಥೆ, ಮೂಗು ಎಲ್ಲವೂ ಬರುತ್ತವೆ.

ಮಾವ: ಅಕ್ಕ, ಅವು ನುಡಿಗಟ್ಟುಗಳಾಗುತ್ತವೆಯೇ ಹೊರತು ಒಂದೇ ಪದದ ಅರ್ಥಗಳಾಗುವುದಿಲ್ಲ. ‘ನಿದ್ದೆ’ ಎಂಬುದನ್ನು ತೆಗೆದರೆ ‘ಹೊಡೆ’ ಒಂದಕ್ಕೇ ಮಲಗುವುದೆಂಬ ಅರ್ಥ ಎಲ್ಲಿದೆ?

ದೊಡ್ಡಪ್ಪ: ಒಳ್ಳೆಯ ಆಕ್ಷೇಪ. ಆದರೆ ಅದೇ ತಕ್ಕಡಿಯಲ್ಲಿ ಇಂಗ್ಲಿಷನ್ನೂ ತೂಗಬೇಕು. ‘ಸೆಟ್ ಆಫ್’ ಎಂದರೆ ಹೊರಡುವುದು, ‘ಸೆಟ್ ಅಪ್’ ಎಂದರೆ ಸ್ಥಾಪಿಸುವುದು, ‘ಸೆಟ್ ಇನ್’ ಎಂದರೆ ಮಳೆಯೋ ಚಳಿಯೋ ಹಿಡಿದುಕೊಳ್ಳುವುದು. ಮುಂದಿನ ಪುಟ್ಟ ಪದವನ್ನು ತೆಗೆದರೆ ಬರಿಯ ‘ಸೆಟ್’ ಎಂಬುದರಲ್ಲಿ ಹೊರಡುವ ಅರ್ಥ ಎಲ್ಲಿ ಉಳಿಯುತ್ತದೆ? ಆಕ್ಸ್‌ಫರ್ಡಿನವರು ಇಂಥವನ್ನೆಲ್ಲ ಆ ಪದದ ಅಡಿಯಲ್ಲಿಯೇ ವಿವರಿಸುತ್ತಾರೆ. ಇದೇ ಪದಕ್ಕೆ ಹಳೆಯ ಗಿನ್ನೆಸ್ ದಾಖಲೆ ಪುಸ್ತಕ ನಾಮಪದವಾಗಿ 58, ಕ್ರಿಯಾಪದವಾಗಿ 126, ವಿಶೇಷಣವಾಗಿ 10 ಬಳಕೆಗಳೆಂದು ಕೊಟ್ಟಿತ್ತು, ಕೂಡಿಸಿದರೆ 194. ಒಬ್ಬರಿಗೆ 194 ಕಂಡಲ್ಲಿ ಇನ್ನೊಬ್ಬರಿಗೆ ಕ್ರಿಯಾಪದದಲ್ಲಿಯೇ 430 ಕಂಡರೆ, ಆ ಅಂತರ ಪದದ್ದಲ್ಲ, ಎಣಿಸಿದವರದ್ದು. ಹರಳು ಕೂರಿಸುವುದನ್ನೂ ಮೂಳೆ ಕೂರಿಸುವುದನ್ನೂ ಒಂದು ಅರ್ಥವೆನ್ನಬೇಕೋ ಎರಡೆನ್ನಬೇಕೋ ಎಂಬುದನ್ನು ನಿಘಂಟುಕಾರನೇ ತೀರ್ಮಾನಿಸಬೇಕಾಗುತ್ತದೆ. ಅವನ ಬಳಿ ಎಷ್ಟು ಉದಾಹರಣೆಗಳಿವೆ, ಪುಟಗಳು ಎಷ್ಟಿವೆ ಎಂಬುದರ ಮೇಲೂ ಅದು ನಿಲ್ಲುತ್ತದೆ.

ಮಾವ: ‘ಇನ್ನಾವ ಭಾಷೆಯಲ್ಲೂ ಇಲ್ಲ’ ಎಂಬ ಸಾಲನ್ನು ತೆಗೆದು ಮತ್ತೆ ಹಾಕುತ್ತೇನೆ. 430ನ್ನು ಮಾತ್ರ ತೆಗೆಯುವುದಿಲ್ಲ, ಅದು ಆಕ್ಸ್‌ಫರ್ಡಿನವರೇ ಎಣಿಸಿದ್ದು.

ದೊಡ್ಡಪ್ಪ: ತೆಗೆಯಬೇಡ. ಅದರ ಪಕ್ಕದಲ್ಲಿ ‘1989ರ ಆವೃತ್ತಿಯಲ್ಲಿ, ಕ್ರಿಯಾಪದಕ್ಕೆ ಮಾತ್ರ, ನುಡಿಗಟ್ಟುಗಳೂ ಸೇರಿ’ ಎಂದು ಬರೆ.

ಮಾವ: ಅಷ್ಟೆಲ್ಲ ಬರೆದರೆ ಅದನ್ನು ಯಾರೂ ಮುಂದಕ್ಕೆ ಕಳುಹಿಸುವುದಿಲ್ಲ, ಭಾವ.